ಹಸಿಮಣ್ಣನ್ನು ಹುಡುಕುವ ಯಂತ್ರ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ತಲುಪಿತು. ಅದರಲ್ಲಿದ್ದದ್ದು ಮೂರೇ ವಾಕ್ಯ. ನಾನು ನಿಮ್ಮ ಬೀದಿಯವರ ಹೊಟ್ಟೆ ಉರಿಸುತ್ತಿದ್ದೇನೆ; ನನ್ನ ಸಹಿ ಬಿದ್ದರೂ ಬೀಳದಿದ್ದರೂ ಬರುವ ಶುಕ್ರವಾರ ನೀನು ಮನೆಯ ಬಾಗಿಲು ತೆಗೆಯುತ್ತೀಯ; ಇನ್ನು ಮುಂದೆ ನಾನು ನಿನ್ನ ತಮ್ಮನಲ್ಲ. ಮೂರನೆಯದನ್ನು ಕೊನೆಗೆ ನೋಡೋಣ. ಮೊದಲ ಎರಡಕ್ಕೆ ಉತ್ತರ ಕೊಡುತ್ತೇನೆ, ಆದರೆ ಈ ಸಲ ತಣ್ಣಗೆ ಬರೆಯುವ ಸ್ಥಿತಿಯಲ್ಲಿ ನಾನಿಲ್ಲ. ನೀನು ಬರೆಯುವುದಾದರೆ ಸಂಸ್ಥೆಯ ವಿಳಾಸಕ್ಕೆ ಬೇಡ. ಸದ್ಯ ಹೊರಗಿನ ಕೆಲಸದ ಮೇಲಿದ್ದೇನೆ.

ಸಭೆಯಲ್ಲಿ ನಡೆದದ್ದನ್ನು ಭಾವ ಫೋನಿನಲ್ಲಿ ಹೇಳಿದರು. ಯಂತ್ರದ ಕಂಪನಿಯ ಆ ಸದಾ ನಗುವ ಪ್ರತಿನಿಧಿ ನಿಮ್ಮನ್ನೆಲ್ಲ ಕುರ್ಚಿಗಳಲ್ಲಿ ಕೂರಿಸಿ, ಯಂತ್ರ ಇಡೀ ಬೀದಿಯನ್ನು ಶೋಧಿಸಿ ಆಗಿದೆ, ನೆಲದಲ್ಲಿ ಒಂದು ಬಾಂಬೂ ಉಳಿದಿಲ್ಲ, ಸಹಿ ಹಾಕದ ಒಬ್ಬ ಅಧಿಕಾರಿಯ ಹಟಕ್ಕಾಗಿ ನೀವು ಬಾಡಿಗೆ ಕೋಣೆಗಳಲ್ಲಿ ಕೊಳೆಯುತ್ತಿದ್ದೀರಿ ಎಂದನಂತೆ. ಆಗ ನೀನು ಎದ್ದು, "ಆ ಹಟಮಾರಿ ನನ್ನ ಒಡಹುಟ್ಟಿದೋನೇ ಕಣ್ರೀ. ನಾಲ್ಕು ಸಲ ಬೀಗ ಜಗ್ಗಿ ನೋಡದೆ ಮನೆ ಬಿಟ್ಟೋನಲ್ಲ" ಎಂದೆಯಂತೆ. ಸಭೆಯೆಲ್ಲ ನಕ್ಕಿತಂತೆ. ನಗಲಿ. ಆದರೆ ಬೀಗ ಜಗ್ಗಿ ನೋಡುವವನನ್ನು ಕಂಡು ಕಳ್ಳನ ಪಕ್ಕ ಕೂತು ನಗುವುದು ಯಾವ ಊರಿನ ನ್ಯಾಯ, ಅಕ್ಕ?

ನಿನ್ನ ಕಷ್ಟ ನನಗೆ ತಿಳಿಯದ್ದಲ್ಲ. ಯುದ್ಧ ನಿಂತು ಇಷ್ಟು ಕಾಲವಾದರೂ ನೀನು, ಭಾವ, ಮಗಳು, ಮೊಮ್ಮಗಳು ಒಂದೇ ಕೋಣೆಯಲ್ಲಿದ್ದೀರಿ. ಹಾಸಿಗೆ ಸುತ್ತಿಟ್ಟರೆ ಮಾತ್ರ ತಟ್ಟೆ ಇಡಲು ಜಾಗ. ಹಿತ್ತಲಿನ ಉಯ್ಯಾಲೆಯ ಚಿತ್ರ ಬರೆದು ಮೊಮ್ಮಗಳು ಅದನ್ನು ಗೋಡೆಗೆ ಅಂಟಿಸಿಕೊಂಡಿರುವುದನ್ನು ಕಳೆದ ಸಲ ಬಂದಾಗ ನೋಡಿದೆ. ಬಾಗಿಲು ತೆಗೆದ ಮರುಕ್ಷಣ ಅವಳು ಓಡುವುದು ಎಲ್ಲಿಗೆಂದು ನಿನಗೂ ಗೊತ್ತು, ನನಗೂ ಗೊತ್ತು.

ಆದ್ದರಿಂದ ಯಂತ್ರದ ವಿಷಯವನ್ನು ನಿನಗೆ ಅರ್ಥವಾಗುವಂತೆ ಹೇಳುತ್ತೇನೆ. ಚಿಕ್ಕಂದಿನಲ್ಲಿ ನನ್ನ ಗೋಲಿಗಳನ್ನು ಪೆಪ್ಪರ್‌ಮಿಂಟಿನ ತಗಡು ಡಬ್ಬಿಯಲ್ಲಿ ತುಂಬಿ ಇದೇ ಹಿತ್ತಲಿನಲ್ಲಿ ಹೂತಿಡುತ್ತಿದ್ದೆ. ಬೆಳಿಗ್ಗೆ ಹೂತರೆ ಸಂಜೆಯೊಳಗೆ ನೀನು ತೆಗೆದಿರುತ್ತಿದ್ದೆ. ನಿನಗೇನೋ ದಿವ್ಯದೃಷ್ಟಿ ಇದೆಯೆಂದು ನಂಬಿದ್ದೆ. ನಿನಗಿದ್ದದ್ದು ಎರಡು ಕಣ್ಣು ಮಾತ್ರ: ಅಗೆದ ಮಣ್ಣಿನ ಬಣ್ಣ ಬೇರೆ, ಅದರ ಮೇಲೆ ಕಾಲಿಟ್ಟರೆ ಕುಸಿಯುವುದೂ ಬೇರೆ. ಒಮ್ಮೆ ಮಾತ್ರ ನೀನು ಸೋತೆ. ದೊಡ್ಡ ರಜೆಗೆ ಚಿಕ್ಕಮ್ಮನ ಮನೆಗೆ ಹೊರಡುವ ಮುನ್ನ ಹೂತ ಡಬ್ಬಿ. ತಿರುಗಿ ಬರುವಷ್ಟರಲ್ಲಿ ಹುಲ್ಲು ಹಬ್ಬಿ ನೆಲವೆಲ್ಲ ಒಂದೇ ಆಗಿತ್ತು. ಕೋಲಿನಿಂದ ಹಿತ್ತಲನ್ನೆಲ್ಲ ತಿವಿದು, ಏನೂ ಸಿಗದೆ, ಡಬ್ಬಿಯೇ ಇಲ್ಲ, ಇವನು ಸುಳ್ಳ ಎಂದು ಅಮ್ಮನ ಮುಂದೆ ಸಾರಿದೆ. ಜಾಗ ನನಗೂ ಮರೆತುಹೋಗಿದ್ದರಿಂದ ಅಗೆದು ತೋರಿಸಲಾಗಲಿಲ್ಲ.

ಈ ಯಂತ್ರವೂ ನಿನ್ನಂತೆಯೇ. ಮೂರು ಗಾಲಿಯ ಗಾಡಿ, ಅದರ ಹೊಟ್ಟೆಯಡಿ ಮಣ್ಣಿನೊಳಗೆ ಅಲೆ ಕಳುಹಿಸುವ ರಾಡಾರು, ಮೇಲೊಂದು ಪರದೆ. ಬಾಂಬ್ ಇದ್ದಲ್ಲಿ ಕೆಂಪು, ಇಲ್ಲದಲ್ಲಿ ಹಸಿರು. ಲೋಹ ಹುಡುಕುವ ಹಳೆಯ ಕೈಯಂತ್ರ ಮೊಳೆ, ಮುಚ್ಚಳಗಳಿಗೆಲ್ಲ ಕೂಗಿ ಕೆಲಸ ಕೆಡಿಸುತ್ತದೆ, ಇದು ಲೋಹದ ಕಸವನ್ನು ಲೆಕ್ಕಿಸುವುದೇ ಇಲ್ಲ ಎಂಬುದು ಅವರ ಹೆಮ್ಮೆ. ಪರೀಕ್ಷೆಯ ದಿನ ಸಂಸ್ಥೆಯ ಮೈದಾನದಲ್ಲಿ ಹೂತಿದ್ದ ನಕಲಿ ಬಾಂಬುಗಳನ್ನೆಲ್ಲ ಅದು ಹಿಡಿಯಿತು. ಚಪ್ಪಾಳೆಯೋ ಚಪ್ಪಾಳೆ. ಹೂತವರು ಯಾರು? ಕಂಪನಿಯವರೇ. ಯಾವಾಗ? ಹಿಂದಿನ ದಿನ.

ನಾನು ಪಕ್ಕದಲ್ಲಿ ಕೆಲವು ಗುಂಡಿ ತೋಡಿಸಿ, ಒಳಗೆ ಏನನ್ನೂ ಇಡದೆ ಮುಚ್ಚಿಸಿದೆ. ಮರುದಿನ ಯಂತ್ರ ಪ್ರತಿಯೊಂದು ಖಾಲಿ ಗುಂಡಿಯ ಮೇಲೂ ಕೆಂಪು ತೋರಿಸಿತು. ಅನಂತರ ಮೈದಾನದ ಹಳೆಯ ಮೂಲೆಗೆ ತಳ್ಳಿಸಿಕೊಂಡು ಹೋದೆ. ಅಲ್ಲಿ ನನ್ನ ಗುರುಗಳು ತಮ್ಮ ಕಾಲದಲ್ಲಿ ಹೂಳಿಸಿದ ನಕಲಿ ಬಾಂಬುಗಳಿವೆ, ಈಗ ಬೇರುಗಳು ಅವನ್ನು ಅಪ್ಪಿಕೊಂಡಿವೆ. ಅವುಗಳ ಮೇಲೆ ಯಂತ್ರ ಹಸಿರು ತೋರಿಸುತ್ತ ಸಲೀಸಾಗಿ ಉರುಳಿ ಹೋಯಿತು. ಅದಕ್ಕೆ ಪಾಠ ಕಲಿಸಿದ್ದೆಲ್ಲ ಹೊಸದಾಗಿ ಹೂತ ಬಾಂಬುಗಳ ಮೇಲೆ. ಅದು ಕಲಿತದ್ದು ಹಸಿಮಣ್ಣನ್ನು ಗುರುತಿಸುವುದನ್ನು. ನಿನ್ನ ಹಿತ್ತಲಿನಲ್ಲಿ ಬಾಂಬ್ ಹೂತವರು ನಿನ್ನೆ ಮೊನ್ನೆ ಬಂದು ಹೂತು ಹೋದವರೇ, ಅಕ್ಕ? ಅವರ ಕಾಲದ ಮಣ್ಣು ಎಂದೋ ಕೂಡಿಕೊಂಡಿದೆ, ಹುಲ್ಲೂ ಬಂದಿದೆ. ನಿಮಗೆ ಹಂಚಿದ ಹಸಿರು ನಕ್ಷೆಯ ಅರ್ಥ ಇಷ್ಟೇ: ಇತ್ತೀಚೆಗೆ ಯಾರೂ ಇಲ್ಲಿ ಅಗೆದಿಲ್ಲ.

ಇದನ್ನು ನಮ್ಮ ಸಂಸ್ಥೆಯ ನಿರ್ದೇಶಕರಿಗೆ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ ಎಂದು ಹೇಳಲಾರೆ. ಅರ್ಥವಾಯಿತು, ಅದೇ ನನ್ನ ಸಿಟ್ಟು. ಕಂಪನಿಯವನು ನಗುತ್ತಲೇ, ಹಳೆಯ ಮಣ್ಣಿಗೆ ಮುಂದೆ ಅಪ್‌ಡೇಟ್ ಬರುತ್ತದೆ, ಈಗ ಸಹಿಯೊಂದು ಆಗಿಬಿಡಲಿ ಎಂದ. ನಿರ್ದೇಶಕರು ಕನ್ನಡಕ ಒರೆಸಿಕೊಳ್ಳುತ್ತ, "ನೂರಕ್ಕೆ ನೂರು ಯಾವ ಯಂತ್ರ ಕೊಡುತ್ತೆ ಹೇಳ್ರೀ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು.

"ಯಾರ ಕಾಲನ್ನ ಅಡ್ಜಸ್ಟ್ ಮಾಡೋಣ, ಸಾರ್?" ಎಂದೆ.

ಅಷ್ಟು ದೊಡ್ಡ ದನಿಯಲ್ಲಿ ಆ ಕೋಣೆಯಲ್ಲಿ ನಾನು ಎಂದೂ ಮಾತಾಡಿರಲಿಲ್ಲ. ಚಹಾ ತಂದವರು ಟ್ರೇ ಹಿಡಿದುಕೊಂಡೇ ಹಿಂದಕ್ಕೆ ಹೋದರು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ನೆಲ ಶುದ್ಧವಾಯಿತೆಂದು ಜನರಿಗೆ ಒಪ್ಪಿಸುವ ದಿನ, ಶುದ್ಧ ಮಾಡಿದವರು ಎಲ್ಲರ ಕಣ್ಣೆದುರು ಭುಜಕ್ಕೆ ಭುಜ ತಾಗಿಸಿ ಆ ನೆಲದ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಇಲ್ಲಿ ಶುದ್ಧ ಮಾಡಿದ್ದು ಯಂತ್ರವಾದ್ದರಿಂದ ಅದಕ್ಕೆ ಸಹಿ ಹಾಕುವವರು, ಹಾಕಿಸುವವರು ಮೊದಲು ನಡೆಯಲಿ ಎಂದೆ. ಪ್ರತಿನಿಧಿಗೆ ಅಂದೇ ವಿಮಾನ ಹಿಡಿಯಬೇಕಿತ್ತು. ನಿರ್ದೇಶಕರಿಗೆ ಮಂಡಿನೋವು. ಕೈಯಿಂದ ನೆಲ ಕೆರೆಯುವ ತಂಡದ ಮುಖ್ಯಸ್ಥೆಗೆ ಇದನ್ನು ಹೇಳಿದೆ. ಮಣ್ಣನ್ನು ಪಾಯಸ ಬಡಿಸುವಷ್ಟು ನಾಜೂಕಾಗಿ ತೆಗೆಯುತ್ತಾರೆಂದು ಎಲ್ಲರೂ ಅವರನ್ನು ಚಮಚಕ್ಕ ಎನ್ನುತ್ತಾರೆ. ಅವರು ತಲೆ ಎತ್ತದೆಯೇ, "ಮಂಡಿನೋವು ಒಳ್ಳೇದೇ ಬಿಡಿ ಸಾರ್. ಮಂಡಿ ಇದ್ದೋರಿಗೆ ತಾನೇ ಮಂಡಿನೋವು" ಎಂದರು.

ನಾನು ಸಹಿ ಹಾಕಿಲ್ಲ. ನನ್ನ ಜಾಗದಲ್ಲಿ ಬೇರೆ ಯಾರಾದರೂ ಹಾಕಿಯಾರು. ಹಾಕಿದ ಸುದ್ದಿ ಬಂದರೂ ನೀನು ಮೆಟ್ಟಿಲು ಇಳಿದು ಹಿತ್ತಲಿಗೆ ಹೋಗಕೂಡದು. ಮೊಮ್ಮಗಳ ಕೈ ಬಿಡಕೂಡದು. ನನ್ನನ್ನು ಇನ್ನೂ ನಾಲ್ಕು ಸಭೆಗಳಲ್ಲಿ ಬೈಯಿ, ಕಾಗದ ಬರೆದು ಬೈಯಿ, ಮಾತು ಬಿಡು. ಎರಡೂ ಕಾಲಿನ ಮೇಲೆ ನಿಂತು ಬೈಯಿ.

ನೀನು ಒಲ್ಲೆನೆಂದರೂ,
ನಿನ್ನ ತಮ್ಮ

ತಾ.ಕ. ಅದೇ ದಿನ, ಸಂಜೆ. ಲಕೋಟೆ ಅಂಟಿಸುವ ಮುನ್ನ ಇಷ್ಟನ್ನು ಸೇರಿಸಬೇಕಾಗಿದೆ. ಹೊರಗಿನ ಕೆಲಸ ಎಂದು ಬರೆದೆನಲ್ಲ, ಅದು ನಿನ್ನ ಬೀದಿಯಲ್ಲೇ. ಯಂತ್ರಕ್ಕೆ ಒಪ್ಪಿಗೆ ಕೊಡುವ ಸಮಿತಿಯಿಂದ ನನ್ನನ್ನು ತೆಗೆದಿದ್ದಾರೆ. ರಜೆ ಹಾಕಿ ಚಮಚಕ್ಕನ ತಂಡದ ಜೊತೆ ಮಂಡಿಯೂರಿದ್ದೇನೆ. ಕೆಲಸವನ್ನು ನಿನ್ನ ಹಿತ್ತಲಿನಿಂದಲೇ ಆರಂಭಿಸಿ ಎಂದು ಕೇಳಿಕೊಂಡವನು ನಾನೇ. ಇಂದು ಉಯ್ಯಾಲೆಗೂ ನೀರಿನ ತೊಟ್ಟಿಗೂ ನಡುವೆ ಕೈಯಂತ್ರ ಜೋರಾಗಿ ಕೂಗಿತು. ಕೆರೆದು ನೋಡಿದರೆ ತುಕ್ಕು ಹಿಡಿದ ಪೆಪ್ಪರ್‌ಮಿಂಟಿನ ಡಬ್ಬಿ. ಚಮಚಕ್ಕ ಅಲ್ಲಿಗೆ ನಿಲ್ಲಿಸದೆ ಸುತ್ತಲೂ ಕೆರೆದರು. ಡಬ್ಬಿಯಿಂದ ಒಂದು ಗೇಣು ಆಚೆ, ಪ್ಲಾಸ್ಟಿಕ್ಕಿನದು, ಅಂಗೈ ಅಗಲ. ಅದರೊಳಗಿನ ಲೋಹ ಒಂದು ಸೂಜಿಯಷ್ಟು. ಅದೊಂದೇ ಇದ್ದಿದ್ದರೆ ಕೈಯಂತ್ರವೂ ಪಿಸುಗುಟ್ಟುತ್ತಿತ್ತು ಅಷ್ಟೇ. ನಕ್ಷೆಯಲ್ಲಿ ಆ ಜಾಗ ಅಚ್ಚಹಸಿರು. ಡಬ್ಬಿ ಎತ್ತಿಟ್ಟುಕೊಂಡು ಅದನ್ನು ಇದ್ದಲ್ಲಿಯೇ ಸಿಡಿಸಿದೆವು. ತೊಟ್ಟಿಯ ಗೋಡೆ ಬಿರುಕು ಬಿಟ್ಟಿದೆ, ಭಾವನಿಗೆ ಹೇಳು.

ನಿರ್ದೇಶಕರು ಫೋನು ಮಾಡಿ, ಅದನ್ನು ವರದಿಯಲ್ಲಿ ಹಳೆಯ ಕಬ್ಬಿಣ ಎಂದು ತೋರಿಸಬಹುದೇ ಎಂದು ಕೇಳಿದರು. ಚಮಚಕ್ಕ ಫೋನು ಕಸಿದುಕೊಂಡು, "ಬನ್ನಿ ಸಾರ್, ಪ್ಲಾಸ್ಟಿಕ್ ಕಬ್ಬಿಣ ಹೇಗಿರುತ್ತೆ ನೋಡುವಿರಂತೆ" ಎಂದರು. ಬೀದಿಯ ಎರಡೂ ತುದಿಗೆ ಮತ್ತೆ ಕೆಂಪು ಪಟ್ಟಿ ಕಟ್ಟಿದ್ದೇವೆ. ಶುಕ್ರವಾರ ಬಾ, ಆ ಪಟ್ಟಿಯವರೆಗೆ ಮಾತ್ರ. ಅಲ್ಲಿ ನಿಂತಿರುತ್ತೇನೆ.

ಡಬ್ಬಿಯ ಮುಚ್ಚಳ ತೆರೆಯುತ್ತಿಲ್ಲ. ಅಲುಗಿಸಿದರೆ ಒಳಗೆ ಗೋಲಿಗಳು ಉರುಳುತ್ತವೆ. ಡಬ್ಬಿ ಇತ್ತು, ಅಕ್ಕ. ನಾನು ಸುಳ್ಳು ಹೇಳಿರಲಿಲ್ಲ.