ಸೌಜನ್ಯಾಳ ಸೀಟು

ಸಟನ್, ಲಂಡನ್
೧೧ ಅಕ್ಟೋಬರ್ ೧೯೯೮, ಭಾನುವಾರ

ಪ್ರೀತಿಯ ಶ್ರೀಲತಾ,

ನಿನ್ನ ನೀಲಾಂಬಿಕೆಯ ನೆನಪುಗಳು. ನಾನೂ ರುದ್ರೇಶರೂ ಗಟ್ಟಿಯಾಗಿದ್ದೇವೆ. ನೀನು, ಮಧುಸೂದನ್, ಕೃತಿ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಮೂರು ವಾರವಾದರೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀ. ಬೈ, ಧಾರವಾಡದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳಿಗೆ ಅಷ್ಟು ಹಕ್ಕಿದೆ. ಶಾಲೆಯನ್ನು ಕಣ್ಣಾರೆ ನೋಡದೆ ಬರೆಯಬಾರದೆಂದು ಕಾದೆ, ತಡವಾದದ್ದು ಅದಕ್ಕೆ. ಕ್ಷಮಿಸು.

ಮುಂದಿನ ಸೆಪ್ಟೆಂಬರಿಗೆ ಕೃತಿಗೆ ಇಲ್ಲಿ ಒಳ್ಳೆಯ ಶಾಲೆ ಸಿಗದಿದ್ದರೆ ಮಧುಸೂದನ್ ಒಬ್ಬರೇ ಕೆಲಸಕ್ಕೆ ಬರುತ್ತಾರೆ, ತಾಯಿ ಮಗಳು ಬೆಂಗಳೂರಿನಲ್ಲೇ ಉಳಿಯುತ್ತೀರಿ ಎಂದು ಬರೆದಿದ್ದೀ. ಅದನ್ನು ಓದಿ ನನಗೆ ನಿದ್ದೆಯೇ ಬರಲಿಲ್ಲ. ನೀನು ಎದುರುಮನೆಗೆ ಬರುತ್ತೀ ಎಂದು ನಾನು ಆಗಲೇ ಮನಸ್ಸಿನಲ್ಲಿ ಎರಡು ಲೋಟ ಚಹಾ ಸೋಸಿಟ್ಟವಳು!

ಇಲ್ಲಿನ ಸರ್ಕಾರಿ ಗ್ರಾಮರ್ ಶಾಲೆಗಳ ಪ್ರವೇಶಪರೀಕ್ಷೆ ಕೃತಿಗೆ ತಪ್ಪಿಹೋಯಿತು. ಉಳಿದದ್ದು ಸೇಂಟ್ ಆಲ್ಡಿತ್. ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಚರ್ಚಿನವರು ಕಟ್ಟಿದ್ದು, ಸರ್ಕಾರದ ಹಣದಲ್ಲಿ ನಡೆಯುವುದು, ಫೀಜಿಲ್ಲ. ಬಹುಪಾಲು ಸೀಟು ಚರ್ಚಿಗೆ ಹೋಗುವವರ ಮಕ್ಕಳಿಗೆ. ಸ್ವಲ್ಪವನ್ನು ಮಾತ್ರ ಸುತ್ತಲಿನ ಬೀದಿಯವರಿಗೆಂದು ಇಟ್ಟಿದ್ದಾರೆ, ಅವರು ಯಾವ ದೇವರ ಒಕ್ಕಲಾದರೂ ಸರಿ.

ಕಳೆದ ಶನಿವಾರ ಬೆಳಿಗ್ಗೆ ತಂದೆತಾಯಿಯರು ಬಂದು ನೋಡಲಿ ಎಂದು ಶಾಲೆ ತೆರೆದಿಟ್ಟಿದ್ದರು. ನಮ್ಮಪ್ಪ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರೆಂಬುದು ನಿನಗೆ ಗೊತ್ತಲ್ಲ. "ಹೆಡ್‌ಮಾಸ್ತರ್ ಮಾತು ಕೇಳಬ್ಯಾಡ. ಮೊದಲ ಪಾಯಿಖಾನಿ ನೋಡು, ಆಮ್ಯಾಲೆ ಕುಡಿಯೂ ನೀರು ನೋಡು, ಕಡೀಗೆ ಹಿಂದಿನ ಸಾಲಿನ್ಯಾಗ ಹೋಗಿ ಕೂಡು" ಎನ್ನುತ್ತಿದ್ದರು. ನಾನೂ ಹಾಗೆಯೇ ಹೊರಟೆ.

ಪಾಯಿಖಾನೆ ಚೊಕ್ಕಟ. ಬಾಗಿಲ ಚಿಲಕಗಳು ಬೀಳುತ್ತವೆ, ಸೋಪೂ ಇದೆ. ನೀರು ಪರವಾಗಿಲ್ಲ. ಊಟಕ್ಕೆ ನಮ್ಮಂಥವರಿಗೆ ಒಂದು ದಿನ ಆಲೂಗಡ್ಡೆಯ ಮೇಲೆ ಚೀಸು, ಮರುದಿನ ಚೀಸಿನ ಕೆಳಗೆ ಆಲೂಗಡ್ಡೆ. ಡಬ್ಬಿ ಕಟ್ಟಿಬಿಡು. ದಿನಾ ಬೆಳಿಗ್ಗೆ ಪ್ರಾರ್ಥನೆ ಇದೆ. ಕ್ರಿಶ್ಚಿಯನ್ ಅಲ್ಲದ ಮಕ್ಕಳು ಏನು ಮಾಡಬೇಕು ಎಂದು ಹೆಡ್‌ಮಿಸ್ಟ್ರೆಸ್ ಅವರನ್ನು ಕೇಳಿದೆ. "ಸುಮ್ಮನೆ ಕೂತಿದ್ದರೆ ಸಾಕು, ಒಳಗೆ ಯಾರನ್ನು ನೆನೆಯುತ್ತಾರೆ ಎಂದು ನಾವು ಕೇಳುವುದಿಲ್ಲ" ಎಂದರು. ಆ ಮಾತು ನನಗೆ ಹಿಡಿಸಿತು.

ಆದರೆ ಅದಕ್ಕೂ ಮೊದಲು ಬಾಗಿಲಲ್ಲೇ ಒಂದು ಎಡವಟ್ಟಾಯಿತು. ಮೇಜಿನ ಹಿಂದೆ ಕೂತಿದ್ದ ಆಫೀಸಿನ ಹೆಂಗಸು ಮಗುವಿನ ಹೆಸರು, ಹುಟ್ಟಿದ ದಿನ, ವಿಳಾಸ ಕೇಳಿದಳು. ಕೃತಿ ಎನ್ನಲು ಬಾಯಿ ತೆರೆದೆ. ಸೌಜನ್ಯಾ ಎಂದುಬಿಟ್ಟೆ. ಹುಟ್ಟಿದ ದಿನವನ್ನೂ ತಡವರಿಸದೆ ಹೇಳಿದೆ: ಎಂಬತ್ತೇಳನೇ ಇಸವಿ ಡಿಸೆಂಬರ್ ಒಂಬತ್ತು. ಅವಳು ಒಂದು ಚೀಟಿಯಲ್ಲಿ "ಸೌಜನ್ಯಾಳ ತಾಯಿ" ಎಂದು ಬರೆದು ನನ್ನ ಕೋಟಿನ ಮೇಲೆ ಅಂಟಿಸಿದಳು.

ನೀನು ಕೃತಿಯನ್ನು ಹೊತ್ತಿದ್ದಾಗ ನಾನು ಸೌಜನ್ಯಾಳನ್ನು ಹೊತ್ತಿದ್ದೆ. ನಿನ್ನದು ಅಳುತ್ತ ಬಂತು, ನನ್ನದು ಸದ್ದಿಲ್ಲದೆ ಬಂತು. ಆಮೇಲೆ ಈ ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ, ಹೆಸರಿಟ್ಟ ರುದ್ರೇಶರೂ ಎತ್ತಲಿಲ್ಲ. ಆ ಶನಿವಾರ ಎರಡು ಗಂಟೆ ಹೊತ್ತು ಟೀಚರುಗಳೆಲ್ಲ ನನ್ನ ಎದೆಯ ಮೇಲಿನ ಚೀಟಿ ಓದಿ, "ಸೌಜನ್ಯಾಗೆ ಗಣಿತ ಇಷ್ಟವೇ? ಸೌಜನ್ಯಾ ಈಜುತ್ತಾಳೆಯೇ?" ಎಂದು ಕೇಳಿದರು. ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಉತ್ತರಗಳು ಎಲ್ಲಿಂದ ಬಂದವೋ ಕಾಣೆ. ಮೆರೂನ್ ಸ್ವೆಟರಿನ ಹುಡುಗಿಯರು ಎದುರಾದಾಗಲೆಲ್ಲ ಒಬ್ಬೊಬ್ಬಳ ಮುಖವನ್ನೂ ನೋಡುತ್ತ ನಡೆದೆ.

ಕೊನೆಗೆ ಅಪ್ಪನ ಮಾತಿನಂತೆ ಮಹಡಿಯ ಚರಿತ್ರೆ ತರಗತಿಯ ಹಿಂದಿನ ಸಾಲಿಗೆ ಹೋದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ. ಆಗಷ್ಟೇ ಯಾರೋ ಎದ್ದುಹೋದ ಹಾಗೆ ಅದು ಬೆಚ್ಚಗಿತ್ತು. ಗೋಡೆಯಲ್ಲಿ ಬಿಸಿನೀರಿನ ಪೈಪಿರಬೇಕೆಂದು ಕೈಯಿಟ್ಟು ನೋಡಿದೆ. ಪೈಪು ತಣ್ಣಗಿತ್ತು. ಆ ಮಹಡಿಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ, ಹರಿದುಹಾಕು. ಶಾಲೆ ಒಳ್ಳೆಯದು, ಕೃತಿಗೆ ಕಣ್ಣುಮುಚ್ಚಿ ಅರ್ಜಿ ಹಾಕೋಣ. ಅವಳಿಗೆ ನನ್ನ ಮುತ್ತು.

ನಿನ್ನ,
ನೀಲಾ

ಸಟನ್
೨೪ ಜನವರಿ ೧೯೯೯

ಪ್ರೀತಿಯ ಶ್ರೀಲತಾ,

ಸಂಕ್ರಾಂತಿಯ ಎಳ್ಳುಬೆಲ್ಲ ತಲುಪಿತು. ಕಸ್ಟಮ್ಸ್‌ನವರು ಪೊಟ್ಟಣ ಬಿಚ್ಚಿ ನೋಡಿ ಮತ್ತೆ ಅಂಟಿಸಿದ್ದಾರೆ. ಅವರೂ ನಾಲ್ಕು ಕಾಳು ತಿಂದು ಒಳ್ಳೆಯ ಮಾತಾಡಲಿ. ಈ ಸಲವೂ ತಡಮಾಡಿದೆ. ಆದರೆ ಈ ಸಲದ್ದು ಸೋಮಾರಿತನವಲ್ಲ, ಅಂಜಿಕೆ.

ಮೊದಲು ಕೆಟ್ಟ ಸುದ್ದಿ. ಕೃತಿಯ ಅರ್ಜಿ ಕೊಟ್ಟೆ. ನೀವಿನ್ನೂ ಇಲ್ಲಿ ವಾಸವಿಲ್ಲದ ಕಾರಣ ಅವಳ ಹೆಸರು ಕಾಯುವವರ ಪಟ್ಟಿಗೆ ಹೋಗುತ್ತದಂತೆ. ಮಾರ್ಚಿನಲ್ಲಿ ಸೀಟು ಹಂಚಿದ ಮೇಲೆ ಯಾರಾದರೂ ಬಿಟ್ಟುಕೊಟ್ಟರೆ ಮಾತ್ರ ಅವಳಿಗೆ.

ಇನ್ನು ಅಂಜಿಕೆಯ ಮಾತು. ನವೆಂಬರಿನಲ್ಲಿ ಶಾಲೆಯಿಂದ ಒಂದು ಲಕೋಟೆ ಬಂತು. ಒಳಗಿನ ಅರ್ಜಿಯಲ್ಲಿ ಸೌಜನ್ಯಾಳ ಹೆಸರು ಮೊದಲೇ ಅಚ್ಚಾಗಿತ್ತು. ಎಸೆಯಬೇಕಿತ್ತು ಅಲ್ಲವೇ? ಪೆನ್ನು ತೆಗೆದುಕೊಂಡು ತುಂಬುತ್ತ ಕೂತೆ. ಈಗ ಓದುತ್ತಿರುವ ಶಾಲೆ: ಮನೆಯಲ್ಲೇ ಓದು. ಮಗುವಿಗೆ ದೀಕ್ಷಾಸ್ನಾನ ಅಥವಾ ನಿಮ್ಮ ಧರ್ಮದ ಅಂಥ ಸಂಸ್ಕಾರ ಆಗಿದೆಯೇ, ಯಾವ ದಿನ ಎಂದು ಒಂದು ಪ್ರಶ್ನೆಯಿತ್ತು. ಅಲ್ಲಿ ಕೈ ನಿಂತಿತು.

ಆಗಿದೆಯಲ್ಲ! ನಮ್ಮವರಲ್ಲಿ ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೇ ಲಿಂಗ ಕಟ್ಟುತ್ತಾರೆ. ನನ್ನ ಅತ್ತೆ ಚಂದ್ರವ್ವ ಅದಕ್ಕಾಗಿಯೇ ಧಾರವಾಡದಿಂದ ವಿಮಾನ ಹತ್ತಿ ಬಂದಿದ್ದರು, ಸ್ವಾಮಿಗಳು ಪೂಜಿಸಿ ಕೊಟ್ಟ ಪುಟ್ಟ ಲಿಂಗವನ್ನು ಎದೆಗವಚಿಕೊಂಡು. "ಕೂಸು ಕಣ್ಣು ಬಿಡೂದಕ್ಕಿಂತ ಮೊದಲ ಅದಕ್ಕ ಲಿಂಗ ಆಗಬೇಕವ್ವಾ, ಇಲ್ಲಾಂದ್ರ ಅದು ಯಾರ ಪೈಕಿ ಅಂತ ಅದಕ್ಕ ಹ್ಯಾಂಗ ಗೊತ್ತಾಗತೈತಿ?" ಎಂದು ನನ್ನ ತೋಳಿಗೆ ಕಟ್ಟಿದ್ದರು. ಆ ದಿನವನ್ನೇ ಬರೆದೆ: ಎಂಬತ್ತೇಳು, ನವೆಂಬರ್ ಹದಿನಾರು.

ಕಡೆಯ ಪುಟದಲ್ಲಿ ಮಗುವೇ ತುಂಬಬೇಕಾದ ಒಂದು ಚೌಕವಿತ್ತು. ಈ ಶಾಲೆಯಲ್ಲಿ ನಿನಗೆ ಏನು ಬೇಕು ಎಂಬ ಪ್ರಶ್ನೆ. ಅದನ್ನು ಖಾಲಿ ಬಿಟ್ಟೆ. ಅರ್ಜಿಯನ್ನು ಮಡಚಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಗಿಟ್ಟೆ. ಅಂಚೆಗೆ ಹಾಕಲಿಲ್ಲ, ಶ್ರೀಲತಾ. ಆಣೆ ಮಾಡಿ ಹೇಳುತ್ತೇನೆ, ಹಾಕಲಿಲ್ಲ.

ಮೊನ್ನೆ ಗುರುವಾರ ಮಧ್ಯಾಹ್ನ ಫೋನು ಬಂತು. ಅದೇ ಆಫೀಸಿನ ಹೆಂಗಸು. "ಸೌಜನ್ಯಾಳ ಅರ್ಜಿಯಲ್ಲಿ ಒಂದು ತಪ್ಪಾಗಿದೆ, ಸಂಸ್ಕಾರದ ದಿನ ಹುಟ್ಟಿದ ದಿನಕ್ಕಿಂತ ಮೊದಲಿದೆ" ಎಂದಳು. ತಪ್ಪಲ್ಲ, ನಮ್ಮಲ್ಲಿ ಹಾಗೆಯೇ ಎಂದೆ. ಅವಳಿಗೆ ಬಹಳ ಸಂತೋಷವಾಯಿತು. "ಎಷ್ಟು ಚೆಂದ! ಅಂದಮೇಲೆ ಅವಳು ನಿಮ್ಮವಳಾದ ಮೇಲೆಯೇ ಹುಟ್ಟಿದಳು" ಎಂದಳು. ಆಮೇಲೆ ನಗುತ್ತ, "ಅವಳು ಬರೆದದ್ದೂ ನಮಗೆಲ್ಲ ಹಿಡಿಸಿತು. 'ಹಿಂದಿನ ಸಾಲಿನ ಕಿಟಕಿ ಪಕ್ಕದ ಕುರ್ಚಿ ಬೇಕು, ಅದು ಬೆಚ್ಚಗಿದೆ' ಎಂದಿದ್ದಾಳೆ. ನಿಮ್ಮ ಜೊತೆ ಅವಳೂ ಬಂದಿದ್ದಳೇ? ನಾನು ನೋಡಲೇ ಇಲ್ಲವಲ್ಲ" ಎಂದಳು.

ಫೋನಿಟ್ಟು ಬೀರು ತೆಗೆದೆ. ಸೀರೆಗಳ ಅಡಿ ಅರ್ಜಿ ಇರಲಿಲ್ಲ. ಕುರ್ಚಿಯ ಸಂಗತಿ ನಾನು ಬರೆದದ್ದು ನಿನಗೊಬ್ಬಳಿಗೆ. ನಾಲಿಗೆಯ ಮೇಲೆ ಅದನ್ನು ಯಾರ ಮುಂದೆಯೂ ತಂದಿಲ್ಲ. ನನಗೆ ಹುಚ್ಚು ಹಿಡಿದಿದೆ ಎನಿಸಿದರೆ ಹಾಗೆಂದೇ ಬರೆ, ಬೇಸರವಿಲ್ಲ.

ನಿನ್ನ,
ನೀಲಾ

ಸಟನ್
೨೮ ಮಾರ್ಚ್ ೧೯೯೯

ಪ್ರೀತಿಯ ಶ್ರೀಲತಾ,

ನಿನ್ನ ಎರಡು ಪತ್ರಗಳೂ ಬಂದವು. ಹುಚ್ಚಲ್ಲ ಎಂದು ಬರೆದದ್ದಕ್ಕೆ ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಇಷ್ಟು ದಿನ ಮೌನವಾಗಿದ್ದದ್ದಕ್ಕೆ ಮಾತ್ರ ನಾಚಿಕೆಯಾಗುತ್ತಿದೆ. ಯಾಕೆಂದು ಹೇಳುತ್ತೇನೆ, ಕೇಳಿದ ಮೇಲೆ ನೀನು ಕೋಪಿಸಿಕೊಂಡರೂ ಸರಿಯೇ.

ಮಾರ್ಚ್ ಎಂಟರಂದು ಒಂದೇ ಅಂಚೆಯಲ್ಲಿ ಎರಡು ಲಕೋಟೆ ಬಂದವು. ಒಂದು ಕೃತಿಯದು: ಸದ್ಯಕ್ಕೆ ಸೀಟಿಲ್ಲ, ಕಾಯುವವರಲ್ಲಿ ನೀನೇ ಮೊದಲು. ಇನ್ನೊಂದು ಸೌಜನ್ಯಾಳದು: ನಿನಗೆ ಸೀಟು ಕೊಡಲು ನಮಗೆ ಸಂತೋಷ.

ತಿಳಿಯಿತಲ್ಲ? ನಿನ್ನ ಮಗಳ ದಾರಿಗೆ ಅಡ್ಡ ಕೂತವಳು ನನ್ನ ಮಗಳು. ಒಂದು ಫೋನು ಮಾಡಿದ್ದರೆ ಅದೇ ದಿನ ಕೃತಿಗೆ ಸೀಟು. ಹನ್ನೊಂದು ದಿನ ಮಾಡಲಿಲ್ಲ. ದಿನಾ ಆ ಕಾಗದ ತೆಗೆದು ಹೆಸರು ಓದುತ್ತಿದ್ದೆ. ಜೀವವಿರುವ ಮಗುವಿನ ಅನ್ನಕ್ಕೆ ಕೈಹಾಕುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಇವತ್ತೊಂದು ದಿನ ಇರಲಿ, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಹನ್ನೆರಡನೆಯ ದಿನ ಆಸ್ಪತ್ರೆಯ ಕೆಲಸ ಮುಗಿಸಿ ಬಂದೆ. ಊಟದ ಮೇಜಿನ ಮೂರನೆಯ ಕುರ್ಚಿಯ ಬೆನ್ನಿಗೆ ಒಂದು ಮೆರೂನ್ ಸ್ವೆಟರು ತೂಗುಹಾಕಿತ್ತು. ಹೊಸದು, ಹನ್ನೊಂದು ವರ್ಷದವರ ಅಳತೆಯದು. ತೋಳುಗಳನ್ನು ಸರಿಯಾಗಿ ಇಳಿಬಿಟ್ಟಿತ್ತು. ಅಡುಗೆಮನೆಯಲ್ಲಿ ರುದ್ರೇಶರು ರೊಟ್ಟಿ ತಟ್ಟುತ್ತಿದ್ದರು.

"ಇದನ್ನ ಯಾರು ತಂದರ್ರೀ?" ಎಂದೆ.

"ನಾನಽ. ಸೆಪ್ಟೆಂಬರದಾಗ ಸೈಜ್ ಸಿಗೂದಿಲ್ಲಂತ ಹೇಳಿದ್ರು" ಎಂದರು. ತಿರುಗಿ ನೋಡಲಿಲ್ಲ.

"ಅರ್ಜಿ ಅಂಚೆಗೆ ಹಾಕಿದವರೂ ನೀವಽ ಏನು?"

"ಹೂಂ. ಸೀರಿ ತಳದಾಗ ಇತ್ತು. ನೀ ಮರತಿ ಅಂದ್ಕೊಂಡೆ." ತವೆಯ ಮೇಲಿನ ರೊಟ್ಟಿ ಮಗುಚಿ ಅವರೇ ಹೇಳಿದರು. "ಇಲ್ಲ ನೀಲಾ, ಸುಳ್ಳು ಹೇಳಿದೆ. ನಮ್ಮ ಬಾಗಿಲಿಗೆ ಆಕಿ ಹೆಸರಿನ ಮ್ಯಾಲೆ ಒಂದು ಕಾಗದ ಬರಲಿ ಅಂತ ಆಸೆ ಆತು. ಅಷ್ಟಽ."

ಹನ್ನೊಂದು ವರ್ಷ ಇವರನ್ನು ಕಲ್ಲೆದೆಯವರೆಂದು ಒಳಗೊಳಗೇ ಬೈದಿದ್ದೆ. ಆ ಹೊತ್ತು ಇಬ್ಬರೂ ರೊಟ್ಟಿ ಸೀಯುವವರೆಗೆ ಅತ್ತೆವು. ಆಮೇಲೆ ಕೇಳಿದೆ, ಕಡೆಯ ಚೌಕದಲ್ಲಿ ಕುರ್ಚಿಯ ಮಾತನ್ನು ಬರೆದದ್ದೂ ನೀವೇನಾ ಎಂದು. "ಯಾವ ಚೌಕ? ನಾ ಏನೂ ಬರೀಲಿಲ್ಲ. ಇದ್ದಂಗ ಲಕೋಟಿಗೆ ಹಾಕಿದೆ" ಎಂದರು. ಅವರ ಮುಖ ನೋಡಿದೆ. ಆ ಮುಖದಲ್ಲಿ ಸುಳ್ಳಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗಿ ಆ ಹೆಂಗಸಿನ ಮುಂದೆ ಕೂತು ಎಲ್ಲ ಹೇಳಿದೆ. ಬೈಯಲಿಲ್ಲ ಮಹಾತಾಯಿ. ಎದ್ದು ಬಾಗಿಲು ಮುಚ್ಚಿ, ನೀರು ತಂದುಕೊಟ್ಟಳು. ಅರ್ಜಿಯನ್ನು ಹೊರತೆಗೆದು ಕಡೆಯ ಪುಟ ತಿರುವಿದಳು. ದುಂಡನೆಯ ಅಕ್ಷರ, ಪೆನ್ಸಿಲಿನದು. ನಿನ್ನದೇ ಕೈಬರಹ, ಮೈಮರೆತು ಬರೆದಿದ್ದೀ ಎನ್ನುತ್ತೀ. ನಾನೂ ಹಾಗೆಂದೇ ನಂಬಲು ನೋಡುತ್ತಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಪೆನ್ಸಿಲ್ ಇಲ್ಲ, ಶ್ರೀಲತಾ. ಮಕ್ಕಳಿಲ್ಲದ ಮನೆಯಲ್ಲಿ ಪೆನ್ಸಿಲಿಗೇನು ಕೆಲಸ?

ಸೀಟು ಬಿಟ್ಟುಕೊಟ್ಟಿದ್ದೇನೆಂದು ರುಜು ಮಾಡಿದೆ. ಅವಳು ಸೌಜನ್ಯಾ ಎಂಬ ಹೆಸರಿನ ಮೇಲೆ ಗೆರೆ ಎಳೆದು ಕೆಳಗೆ ಕೃತಿ ಎಂದು ಬರೆದಳು. ಗೆರೆ ಎಳೆಯುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಒಪ್ಪಿಗೆಯ ಪತ್ರ ನಿಮಗೆ ಬೇರೆ ಬರುತ್ತದೆ. ಎದುರುಮನೆಯವರು ಜುಲೈಗೆ ಖಾಲಿ ಮಾಡುತ್ತಾರೆ. ಹೊರಡುವ ಸಿದ್ಧತೆ ಮಾಡಿಕೊಳ್ಳಿ. ತವೆ ತರಬೇಡ, ನನ್ನಲ್ಲಿ ಎರಡಿವೆ. ಬ್ಯಾಡಗಿ ಮೆಣಸಿನಕಾಯಿ ಮಾತ್ರ ಮರೆಯಬೇಡ.

ಕೃತಿ ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ಅವಳ ಮೇಲೆ ನನಗೆ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ. ಇದ್ದದ್ದು ಆ ಹನ್ನೊಂದು ದಿನ ಮಾತ್ರ. ಅದಕ್ಕೆ ನನ್ನನ್ನು ಮನ್ನಿಸು.

ನಿನ್ನ,
ನೀಲಾಂಬಿಕಾ

ತಾ.ಕ.: ಒಂದನ್ನು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ. ಆ ಡಿಸೆಂಬರಿನಲ್ಲಿ ನರ್ಸು ಕೂಸನ್ನು ಟವೆಲಿನಲ್ಲಿ ಸುತ್ತಿ ತಂದು, ನೋಡುತ್ತೀಯಾ ಎಂದು ಕೇಳಿದ್ದಳು. ನಾನು ಗೋಡೆಯ ಕಡೆ ತಿರುಗಿದೆ. ರುದ್ರೇಶರು ನೋಡಿದರು, ನಾನು ನೋಡಲಿಲ್ಲ. ನಮ್ಮಲ್ಲಿ ಹೋದವರ ಅಂಗೈಯಲ್ಲಿ ಅವರ ಲಿಂಗವಿಟ್ಟೇ ಮಣ್ಣು ಮಾಡಬೇಕು. ನರ್ಸಿನ ಕೈಲಿ ಕೊಟ್ಟೆ, ಟವೆಲಿನೊಳಗೆ ಇಟ್ಟಳು ಎಂದು ಇವರಿಗೂ ಅತ್ತೆಗೂ ಹೇಳಿದೆ. ಕೊಟ್ಟಿರಲಿಲ್ಲ. ಅದು ನನ್ನ ಸೀರೆಗಳ ಅಡಿಯೇ ಇತ್ತು, ಆ ಅರ್ಜಿಯನ್ನು ಇಟ್ಟದ್ದೂ ಅದರ ಕೆಳಗೆ. ಇವರು ಅರ್ಜಿ ತೆಗೆಯುವಾಗ ಅದನ್ನು ಕಂಡರಂತೆ. "ಲಿಂಗ ಇನ್ನೂ ಮನ್ಯಾಗ ಐತಿ ಅಂದ್ರ ಕೂಸೂ ಮನ್ಯಾಗ ಐತಿ ಅಂದ್ಕೊಂಡೆ. ಅದಕ್ಕಽ ಸಾಲಿಗೆ ಹಾಕೂಣು ಅನಿಸ್ತು" ಎಂದರು.

ನಿನ್ನೆ ಇಬ್ಬರೂ ಸ್ಮಶಾನಕ್ಕೆ ಹೋಗಿ, ಆ ಚಿಕ್ಕ ಕಲ್ಲಿನ ಬುಡದಲ್ಲಿ ಮಣ್ಣು ಬಗೆದು, ಅವಳ ಲಿಂಗವನ್ನು ಅವಳಿಗೆ ಕೊಟ್ಟು ಬಂದೆವು. ಹೇಗಿದ್ದಳು ಎಂದು ಅಲ್ಲಿ ನಿಂತು ಮೊದಲ ಸಲ ಕೇಳಿದೆ. "ನಿಮ್ಮಪ್ಪನ ಗದ್ದ" ಎಂದರು. ಮುಖವನ್ನೇ ನೋಡದವಳು ಅಕ್ಟೋಬರಿನಲ್ಲಿ ಅಷ್ಟು ಹುಡುಗಿಯರ ನಡುವೆ ಯಾರನ್ನು ಹುಡುಕಿದೆನೋ.

ಕೃತಿಗೆ ಆ ಕಿಟಕಿ ಪಕ್ಕದ ಕುರ್ಚಿ ಸಿಕ್ಕರೆ ಧಾರಾಳವಾಗಿ ಕೂಡಲಿ. ಅದು ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ಮಾತ್ರ ನನಗೆ ಹೇಳದಿರಲಿ.