ಇನ್ನೂರ ನಲವತ್ತು ದಿನ

ಮನೆಯಿಂದ, ಹನ್ನೆರಡನೇ ತಾರೀಖು, ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಕೂಸು ಈಗಲಾದರೂ ನಿನ್ನನ್ನು ಮಲಗಲು ಬಿಡುತ್ತದೆಯೇ? ಹೆರಿಗೆಯಾಗಿ ಎರಡು ತಿಂಗಳೂ ತುಂಬಿಲ್ಲ, ನೀರಿನ ಬಕೆಟ್ಟು ಎತ್ತಬೇಡ. ಭಾವನಿಗೆ ಹೇಳು, ಅವರ ಕೈಯೇನೂ ಸವೆಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ನನ್ನ ಅಡುಗೆಗೆ ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಉಪ್ಪೇ ಇಲ್ಲ.

ಸುದ್ದಿ ಏನೆಂದರೆ, ನನ್ನ ಕೆಲಸ ಕಾಯಂ ಆಯಿತು. ಬಸ್ ಡಿಪೋದಲ್ಲಿ ಮೂರು ವರ್ಷ ಹರಿದ ಸೀಟು ಹೊಲಿದ ಮೇಲೆ, ಕಳೆದ ಸೋಮವಾರ ಹಾಜರಿ ಪುಸ್ತಕದಲ್ಲಿ ನನ್ನ ಹೆಸರನ್ನು ಇಂಕಿನಲ್ಲಿ ಬರೆದರು. ತಾತ್ಕಾಲಿಕದವರದು ಪೆನ್ಸಿಲ್ಲಿನಲ್ಲೇ ಇರುತ್ತದೆ, ನಿನಗೆ ಗೊತ್ತಲ್ಲ. ಕೆಲಸದ ಇನ್ನೂರ ನಲವತ್ತು ದಿನ ಒಂದೂ ಬಿಡದೆ ಬಂದವನಿಗೆ ಕಾಯಂ ಪಟ್ಟಿಯಲ್ಲಿ ಜಾಗ. ಒಂದು ದಿನ ತಪ್ಪಿದರೂ ಗುಮಾಸ್ತರು ಹೆಸರು ಅಳಿಸಿ, ಪುಟದ ಕೊನೆಗೆ ಬರೆದು, ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಅದಕ್ಕೇ ನಾವು ಅವರಿಗೆ ರಬ್ಬರ್ ಮಾಮ ಅಂತ ಹೆಸರಿಟ್ಟಿದ್ದು. ನನ್ನ ಹೆಸರು ಮೂರು ಸಲ ಅಳಿಸಿಹೋಯಿತು. ನಿನ್ನ ಮದುವೆಗೆ ಒಂದು ಸಲ, ಕಾಮಾಲೆ ಬಂದಾಗ ಒಂದು ಸಲ, ದಾರಿಯಲ್ಲಿ ಬಸ್ಸು ಕೆಟ್ಟು ನಿಂತ ದಿನ ಒಂದು ಸಲ. ನಮ್ಮ ಡಿಪೋದ್ದೇ ಬಸ್ಸು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ಮಾತ್ರ ನಗದೆ, "ಯಾರಾದ್ರೂ ಸೀನಿದ್ರೆ ಹಾರಿಹೋಗೋ ಹೆಸರಪ್ಪ ನಿಂದು" ಅಂದಿದ್ದಳು.

ಈ ಸಲ ದಿನಗಳನ್ನು ಅವಳೇ ಎಣಿಸುತ್ತಿದ್ದಳು. ಹಾಸಿಗೆ ಹಿಡಿದ ಮೇಲೂ ಅಷ್ಟೇ. ನಾನು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಇವತ್ತಿಗೆ ಇಷ್ಟು ಅಂತ ಕೂಗುವಳು. ಇನ್ನೂರ ಹನ್ನೆರಡರ ತನಕ ಅವಳು ಎಣಿಸಿದಳು, ಉಳಿದದ್ದು ನಾನು. ಅವಳು ತೀರಿಕೊಂಡದ್ದು ಶನಿವಾರ. ಭಾನುವಾರ ರಜೆ, ಅವತ್ತೇ ಕಳಿಸಿಕೊಟ್ಟೆವು. ಸೋಮವಾರ ಎಂಟು ಗಂಟೆಗೆ ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ರೆಕ್ಸಿನ್ ಕತ್ತರಿಸುವ ಅಣ್ಣ, "ತಾಯಿ ಅಂದ್ರೆ ಹೀಗಿರಬೇಕು, ಮಗನ ರಜೆ ನೋಡ್ಕೊಂಡೇ ಹೋದ್ಲು" ಅಂದ. ಸಮಾಧಾನಕ್ಕೆ ಅಂದನೋ, ಚುಚ್ಚಲು ಅಂದನೋ ತಿಳಿಯಲಿಲ್ಲ. ನಾನು ಸೂಜಿಗೆ ದಾರ ಪೋಣಿಸಿದೆ.

ಕಾಯಂ ಆದವರಿಗೆ ಬಟ್ಟೆ ಇಡಲು ಬೀಗವಿರುವ ಒಂದು ಕಬ್ಬಿಣದ ಖಾನೆ ಕೊಡುತ್ತಾರೆ. ಅದರಲ್ಲಿ ಇಡಲು ನನ್ನ ಹತ್ತಿರ ಏನೂ ಇರಲಿಲ್ಲ, ಖಾಲಿ ಖಾನೆಗೇ ಬೀಗ ಹಾಕಿ ಬಂದೆ. ಇನ್ನು ಜ್ವರ ಬಂದರೆ ಆರಾಮಾಗಿ ಮಲಗು, ರಜೆ ಇದೆ ಅಂತ ರಬ್ಬರ್ ಮಾಮ ಬೆನ್ನು ತಟ್ಟಿದರು. ಕಾಯಂ ಮಾಡಿದ ಆದೇಶದ ಹಿಂಬದಿಯಲ್ಲಿ ಎಲ್ಲ ರಜೆಗಳನ್ನೂ ಬರೆದಿದ್ದಾರೆ. ತಂದೆ ತಾಯಿಗೆ ಕಾಯಿಲೆಯಾದರೆ ಸಂಬಳದ ಸಮೇತ ಹತ್ತು ದಿನ. ಅಲ್ಲಿಯ ತನಕ ಓದಿ ಕಾಗದ ಮಡಚಿಟ್ಟೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಕೂಸಿನ ಅಂಗಾಲಿಗೆ ಮಾವನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ

ತಾ.ಕ.: ಅಂಚೆಗೆ ಹಾಕಲು ಎದ್ದವನು ಮತ್ತೆ ಕೂತೆ. ಅಮ್ಮ ಕೊನೆಗೆ ಏನಂದಳು ಅಂತ ಎರಡು ಕಾಗದದಲ್ಲಿ ಕೇಳಿದ್ದೀಯ. ಅಕ್ಕಾ, ನನಗೆ ಗೊತ್ತಿಲ್ಲ. ನನ್ನ ಕೈ ಹಿಡಿದುಕೊಂಡೇ ಹೋದಳು ಅಂತ ಫೋನಿನಲ್ಲಿ ಹೇಳಿದ್ದು ಸುಳ್ಳು. ಆ ಬೆಳಗ್ಗೆ ಅವಳಿಗೆ ಮೇಲುಸಿರು ಬರುತ್ತಿತ್ತು. "ಇವತ್ತೊಂದಿನ ಇರೋ" ಅಂದಳು. ಸಂಜೆ ಬೇಗ ಬರುತ್ತೇನೆ ಅಂತ ಹೇಳಿ ನಾನು ಹೋದೆ. ಅವಳು ಹಿಡಿದುಕೊಂಡದ್ದು ಎದುರುಮನೆ ಅತ್ತೆಯ ಕೈ. ಅವರ ಫೋನ್ ನಂಬರು ಹಿಂದುಗಡೆ ಬರೆದಿದ್ದೇನೆ, ನೀನೇ ಕೇಳು. ನಾನಿನ್ನೂ ಕೇಳಿಲ್ಲ.