ಅವನು ಹೇಳದೆ ಹೋದ ಮಾತು

೯ ಅಕ್ಟೋಬರ್ ೧೯೭೯, ಮಂಗಳವಾರ, ರಾತ್ರಿ

ತಮ್ಮ ಹರಿಹರ ಇವತ್ತು ಹಡಗಿನ ಕೆಲಸಕ್ಕೆ ಹೊರಟ. ಮಾಂಬಲಂ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲಲ್ಲಿ ನಿಂತು, ಹೊಸದಾಗಿ ಕಲಿತ ಸ್ಪ್ಯಾನಿಷ್‌ನಲ್ಲಿ "ಮೆ ವೊಯ್" ಎಂದ.

"ಹಾಗಂದ್ರೆ ಏನೋ?"

"ಹೋಗ್ತೀನಿ ಅಂತ, ಅಕ್ಕ. ಆ ಭಾಷೆಯವರೆಲ್ಲ ಅಷ್ಟೇ ಹೇಳೋದು."

ನಮ್ಮ ಮನೆಯಲ್ಲಿ ಪಕ್ಕದ ಟಿ. ನಗರಕ್ಕೆ ಸೀರೆ ತರಲು ಹೊರಟವರೂ ‘ಹೋಗಿ ಬರ್ತೀನಿ’ ಅನ್ನುತ್ತಾರೆ. ಬರೀ ‘ಹೋಗ್ತೀನಿ’ ಎಂದವರು ಅಪ್ಪ ಒಬ್ಬರೇ, ಆಸ್ಪತ್ರೆಗೆ ಹೊರಟ ದಿನ.

"ಬರ್ತೀನಿ ಅನ್ನೋ" ಎಂದು ಕೂಗಿದೆ. ರೈಲು ಹೊರಟಿತ್ತು. ಅವನು ಕೇಳಿಸಲಿಲ್ಲವೆಂದು ಕಿವಿ ಮುಟ್ಟಿ ತೋರಿಸಿ ನಕ್ಕ.

ಒಳಗಿಂದ ಯಾರಾದರೂ ಕರೆದರೆ, ನಾವು ‘ಬಂದೆ’ ಅನ್ನುವ ಕಡೆ ಅವರು ಇದೇ ‘ವೊಯ್’ ಅನ್ನುತ್ತಾರಂತೆ. ಮೊನ್ನೆ ಅವನೇ ಹೇಳಿದ್ದ. ಅದನ್ನೇ ಹಿಡಿದುಕೊಂಡು ಕೂತಿದ್ದೇನೆ. ಬಾಗಿಲಿಗೆ ಚಿಲಕ ಹಾಕಲು ಕೈಯೇ ಏಳುತ್ತಿಲ್ಲ.